ನಡೆಯುವವರು ಎಲ್ಲಿ ನಡೆಯಬೇಕು?

ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯವರೇ, ಇಂದಿನ ಅಭಿನಂದನೆಗೆ ಪಾತ್ರರಾಗಿರುವ ನಮ್ಮ ವಾರ್ಡಿನ ನೂತನ ಸದಸ್ಯೆಯವರೇ, ವೇದಿಕೆಯ ಮೇಲಿರುವ ನಗರಸಭೆಯ ಹಿರಿಯರೇ, ಕುರ್ಚಿ ಸಿಕ್ಕಿ ಕೂತಿರುವ ಮತ್ತು ಸಿಗದೆ ಗೋಡೆಗೆ ಒರಗಿ ನಿಂತಿರುವ ನನ್ನ ಆತ್ಮೀಯ ಸಭಿಕರೇ,

ಗೆದ್ದವರ ಸಭೆಯಲ್ಲಿ ಸೋತವನನ್ನೂ ಮಾತಿಗೆ ಕರೆಯುವುದು ದೊಡ್ಡ ಮನಸ್ಸಿನ ಕೆಲಸ. ಕರೆದ ಕೂಡಲೇ ಸೋತವನು ಓಡಿಬಂದು ಮೈಕು ಹಿಡಿಯುವುದು ಎಂಥ ಕೆಲಸ ಎಂಬುದನ್ನು ನೀವೇ ತೀರ್ಮಾನಿಸಿ. ಸಂಘಟಕರು “ಚಿಕ್ಕದಾಗಿ ಎರಡು ಮಾತು ಸಾಕು ಸಾರ್” ಎಂದಿದ್ದಾರೆ. ನನ್ನನ್ನು ಬಲ್ಲವರು ಈಗಲೇ ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ನನ್ನ ಹೆಂಡತಿಯೂ ಬಂದಿದ್ದಾಳೆ. ಖಂಡಿತ ನನ್ನ ಭಾಷಣ ಕೇಳಲು ಅಲ್ಲ. ಮನೆಯಲ್ಲಿ ದಿನವೂ ಪುಕ್ಕಟೆ ಸಿಗುವ ಸರಕಿಗೆ ಇಲ್ಲಿಯವರೆಗೆ ಯಾರು ಬರುತ್ತಾರೆ ಹೇಳಿ? ನಗಿ, ನಗಿ. ನೀವು ನಕ್ಕರೆ ನನಗೆ ಮಾತು ಬರುತ್ತದೆ.

ಮೊದಲಿಗೆ ಗೆದ್ದವರಿಗೆ ಅಭಿನಂದನೆ. ಕಿಟಕಿ ಗುರುತು ಗೆದ್ದಿತು, ಬಕೆಟ್ ಗುರುತು ಸೋತಿತು. ಕಿಟಕಿಯ ಮುಂದೆ ಬಕೆಟ್ ಎಂದಾದರೂ ಗೆದ್ದೀತೇ ಎಂದು ನೀವು ಕೇಳಬಹುದು. ಚುನಾವಣಾಧಿಕಾರಿ ಚೀಟಿ ಎತ್ತಿ ಗುರುತು ಕೊಟ್ಟ ದಿನ ನಾನು ಹಾಗೆ ಕೇಳಿಕೊಳ್ಳಲಿಲ್ಲ. ಬಕೆಟ್ಟೇ ಬರಲಿ, ಪೊರಕೆಕಡ್ಡಿಯೇ ಬರಲಿ, ನನ್ನ ಬಾಯಿ ಒಂದಿದ್ದರೆ ಸಾಕು ಎಂದುಕೊಂಡಿದ್ದೆ.

ನನ್ನ ಕಸುಬು ನಿಮಗೆ ಗೊತ್ತು. ಕಾರು ಓಡಿಸುವುದನ್ನು ಕಲಿಸುತ್ತೇನೆ. ಈ ಸಭಾಂಗಣದಲ್ಲಿರುವ ಅರ್ಧ ಜನ ನನ್ನ ಪಕ್ಕದಲ್ಲಿ ಕೂತು ಬೆವರಿದವರೇ. ನನ್ನ ಕಾರಿನಲ್ಲಿ ಎರಡು ಬ್ರೇಕು, ಒಂದು ಕಲಿಯುವವರ ಕಾಲ ಬಳಿ, ಇನ್ನೊಂದು ನನ್ನ ಕಾಲ ಬಳಿ. ಅದರಿಂದಲೇ ನನಗೆ ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟಿರಿ. ಮೇಷ್ಟರ ಕಾರಿಗೆ ಎರಡು ಬ್ರೇಕು, ನಾಲಿಗೆಗೆ ಒಂದೂ ಇಲ್ಲ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತೀರಿ, ಅದೂ ಗೊತ್ತು. ಸುಳ್ಳೇನಲ್ಲ. ಗೇರು ಬದಲಿಸುವುದು ಹೇಗೆ ಎಂದು ಶುರುವಾದ ನನ್ನ ಪಾಠ ಮಂತ್ರಿಮಂಡಲ ಬದಲಿಸುವುದು ಹೇಗೆ ಎನ್ನುವಲ್ಲಿಗೆ ಹೋಗಿ ನಿಲ್ಲುತ್ತಿತ್ತು. ತೆರಿಗೆ ಏಕೆ ಇಳಿಸಬೇಕು, ಆಸ್ಪತ್ರೆ ಯಾರ ಕೈಯಲ್ಲಿರಬೇಕು, ಯಾವ ಅಭ್ಯರ್ಥಿ ಯೋಗ್ಯ, ಯಾವನು ಸುಳ್ಳುಗಾರ, ಎಲ್ಲವನ್ನೂ ನಾನು ಎರಡನೇ ಗೇರಿನಲ್ಲೇ ಇತ್ಯರ್ಥ ಮಾಡಿಬಿಡುತ್ತಿದ್ದೆ.

ಯಾರೂ ಎದುರಾಡುತ್ತಿರಲಿಲ್ಲ. ಹೇಗೆ ಆಡಿಯಾರು? ಎದುರಿಗೆ ಲಾರಿ, ಕೈಯಲ್ಲಿ ಸ್ಟೀರಿಂಗು, ಪಕ್ಕದಲ್ಲಿ ನಾನು. “ಹೌದು ಸಾರ್, ಹೌದು ಸಾರ್” ಎನ್ನುತ್ತಿದ್ದರು. ಇತ್ತೀಚೆಗೆ ನನ್ನಲ್ಲಿ ಕಲಿಯಲು ಬಂದ ನಮ್ಮ ಬೀದಿಯ ಹಲ್ಲಿನ ಡಾಕ್ಟರು, ನಿವೃತ್ತರು, ಒಂದು ದಿನ ಕಾರು ನಿಲ್ಲಿಸಿ ಹೇಳಿದರು, “ಮೇಷ್ಟ್ರೇ, ನಿಮ್ದೂ ನಮ್ದೂ ಒಂದೇ ಕಸುಬು ಕಣ್ರೀ. ನಾವು ಬಾಯಿಗೆ ಉಪಕರಣ ಇಟ್ಬಿಟ್ಟು ಮಾತಾಡ್ಸ್ತೀವಿ, ನೀವು ಕೈಗೆ ಸ್ಟೀರಿಂಗ್ ಕೊಟ್ಬಿಟ್ಟು ಮಾತಾಡ್ಸ್ತೀರಿ. ಇಬ್ರಿಗೂ ಎದುರುತ್ತರ ಬರಲ್ಲ.” ಆಗ ನಕ್ಕುಬಿಟ್ಟೆ. ಆದರೆ ಅಷ್ಟು ವರ್ಷ ಆ ‘ಹೌದು ಸಾರ್’ಗಳನ್ನೆಲ್ಲ ನಾನು ನನ್ನ ವಾದಕ್ಕೆ ಸಿಕ್ಕ ಗೆಲುವೆಂದೇ ನಂಬಿದ್ದೆ. ಯಾರೋ ಒಬ್ಬರು, ಬಹುಶಃ ಪಾಸಾಗುವ ಆಸೆಯಿಂದ, “ನಿಮ್ಮಂಥವರು ಚುನಾವಣೆಗೆ ನಿಲ್ಬೇಕು ಸಾರ್” ಎಂದರು. ನಾನು ನಿಂತೇಬಿಟ್ಟೆ.

ಎದುರಾಳಿ ಯಾರು? ನನ್ನದೇ ವಿದ್ಯಾರ್ಥಿನಿ. ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಈ ಹೆಣ್ಣುಮಗಳನ್ನು ಊರೆಲ್ಲ ವ್ಯಾನಕ್ಕ ಎನ್ನುತ್ತದೆ. ನಾನೂ ಹಾಗೇ ಅನ್ನುತ್ತೇನೆ, ಸದಸ್ಯೆಯವರು ಕ್ಷಮಿಸಬೇಕು. ಗಂಡ ಹಾಸಿಗೆ ಹಿಡಿದಾಗ ಅವನ ವ್ಯಾನನ್ನು ತಾನೇ ಓಡಿಸಬೇಕೆಂದು ಕಲಿಯಲು ಬಂದಿದ್ದರು. ನನ್ನ ಮಾತಿಗೆ ‘ಹೌದು ಸಾರ್’ ಎನ್ನದ ಒಬ್ಬರೇ ಶಿಷ್ಯೆ. ಎದುರಾಡಿದರು ಎಂದಲ್ಲ, ಸುಮ್ಮನಿರುತ್ತಿದ್ದರು. ಒಮ್ಮೆ ಮಾತ್ರ, “ಸಾರ್, ನೀವು ಹೀಗೆ ಮಾತಾಡ್ತಾ ಇದ್ರೆ ನಂಗೆ ಹಿಂದಿನ ಕನ್ನಡಿ ನೋಡೋದು ಮರ್ತೇ ಹೋಗುತ್ತೆ” ಎಂದಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ನನ್ನ ಮಾತಿನಲ್ಲಿ ಅಷ್ಟು ಮೈಮರೆಯುತ್ತಾಳಲ್ಲ ಎಂದು!

ನಮ್ಮಿಬ್ಬರ ವಾದ ಯಾವುದರ ಮೇಲೆ ಎಂಬುದು ನಿಮಗೆ ನೆನಪಿದೆ. ಬಸ್ ನಿಲ್ದಾಣದಿಂದ ಕಣ್ಣಿನ ಆಸ್ಪತ್ರೆಯವರೆಗಿನ ನಮ್ಮ ಮುಖ್ಯರಸ್ತೆ. ಎರಡೂ ಬದಿಯ ಫುಟ್‌ಪಾತ್ ಕಿತ್ತು ರಸ್ತೆ ಅಗಲ ಮಾಡಬೇಕು, ವಾಹನ ನಿಲ್ಲಿಸಲು ಜಾಗ ಮಾಡಬೇಕು ಎಂಬುದು ನನ್ನ ಯೋಜನೆ. ಫುಟ್‌ಪಾತ್ ಇರಲಿ, ಒಡೆದ ಕಲ್ಲು ಬದಲಿಸಿ ಅಂಚಿನ ಕಬ್ಬಿಣದ ಕಂಬಿ ಸರಿಮಾಡಬೇಕು ಎಂಬುದು ವ್ಯಾನಕ್ಕನ ಯೋಜನೆ. ಅವರ ಬಳಿ ಒಂದು ಚೀಟಿಯಷ್ಟು ಮಾತಿತ್ತು. ನನ್ನ ಬಳಿ ಭೂಪಟವಿತ್ತು, ಬಣ್ಣದ ಗೆರೆಗಳಿದ್ದವು, ದೊಡ್ಡ ದೊಡ್ಡ ನಗರಗಳ ಉದಾಹರಣೆಗಳಿದ್ದವು. ಆ ನಗರಗಳನ್ನು ನಾನು ನೋಡಿಲ್ಲ. ಆದರೆ ನೋಡಿದವರಿಗಿಂತ ಚೆನ್ನಾಗಿ ವರ್ಣಿಸಬಲ್ಲೆ.

ಅಭ್ಯರ್ಥಿಗಳ ಚರ್ಚೆ ನಡೆದದ್ದು ಇದೇ ಸಭಾಂಗಣದಲ್ಲಿ. ಅಂದು ನಾನು ಎಡಗಡೆಯ ಮೇಜಿನಲ್ಲಿ, ಅವರು ಬಲಗಡೆ. ನಾನು ಅಂಕಿಅಂಶ ಹೇಳಿದೆ, ಪದ್ಯದ ಹಾಗೆ ಹೇಳಿದೆ, ನೀವೆಲ್ಲ ತಲೆದೂಗಿದಿರಿ. ಕೊನೆಗೆ ವ್ಯಾನಕ್ಕ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು.

“ಎಲ್ಲಾ ಸರಿ ಸಾರ್. ನಡೆಯೋರು ಎಲ್ಲಿ ನಡೀಬೇಕು?”

ಸಭಿಕರೇ, ಅದಕ್ಕೆ ಉತ್ತರ ನನ್ನ ಭೂಪಟದಲ್ಲಿ ಇರಲಿಲ್ಲ. ಇಲ್ಲ ಎಂದು ಒಪ್ಪಿಕೊಳ್ಳಬಹುದಿತ್ತು. ಯೋಚಿಸುತ್ತೇನೆ ಎನ್ನಬಹುದಿತ್ತು. ನಾನೇನು ಮಾಡಿದೆ? ಮೈಕಿಗೆ ಬಾಯಿ ಹತ್ತಿರ ತಂದು, “ನಡೆಯುವವರು ನನ್ನ ಸ್ಕೂಲಿಗೆ ಸೇರಿ ಕಾರು ಕಲಿಯಲಿ!” ಎಂದೆ.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅಲ್ಲಿ, ಆ ಕಂಬದ ಹತ್ತಿರ, ಒಬ್ಬರು ಸಿಳ್ಳೆ ಹೊಡೆದರು. ವ್ಯಾನಕ್ಕ ಕೂತುಬಿಟ್ಟರು. ವಾದ ಗೆದ್ದವನು ಏನು ಮಾಡುತ್ತಾನೆ? ತನ್ನವರ ಮುಖ ಹುಡುಕುತ್ತಾನೆ. ನಾನೂ ಹುಡುಕಿದೆ. ನನ್ನ ಹೆಂಡತಿ ಮುಂದಿನ ಸಾಲುಗಳಲ್ಲೇ ಕೂತಿದ್ದಳು. ಸುತ್ತಲಿನವರೆಲ್ಲ ನಗುತ್ತಿದ್ದರು. ಅವಳು ತಲೆ ಬಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದಳು.

ಏಕೆ ಎಂದು ಹೇಳುತ್ತೇನೆ. ನನ್ನ ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರು. ನಿಮ್ಮಲ್ಲಿ ಯಾರೇ ಅಲ್ಲಿಗೆ ಫೋನು ಮಾಡಿದರೂ ಮೊದಲು ಕೇಳುವುದು ಅವಳ ದನಿ. ದಿನವೂ ಬೆಳಿಗ್ಗೆ ಸಂಜೆ ಅವಳು ಆ ಫುಟ್‌ಪಾತಿನ ಮೇಲೆ ನಡೆಯುತ್ತಾಳೆ. ನನ್ನ ತಾಯಿಗೆ ಒಂದು ಕಣ್ಣು ಹೆಚ್ಚೂಕಡಿಮೆ ಹೋಗಿದೆ. ಔಷಧಿಗೆ ಅವರನ್ನೂ ಕೈಹಿಡಿದು ಅದೇ ದಾರಿಯಲ್ಲಿ ಕರೆದೊಯ್ಯುತ್ತಾಳೆ. ಅಮ್ಮ ಒಂದು ಕೈಯಲ್ಲಿ ಸೊಸೆಯನ್ನು, ಇನ್ನೊಂದು ಕೈಯಲ್ಲಿ ಆ ಕಬ್ಬಿಣದ ಕಂಬಿಯನ್ನು ಹಿಡಿದು ನಡೆಯುತ್ತಾರೆ. ಡ್ರೈವಿಂಗ್ ಸ್ಕೂಲಿನವನ ಮನೆಯ ಹೆಂಗಸರು ಏಕೆ ನಡೆಯಬೇಕು? ಕಾರುಗಳೆಲ್ಲ ಪಾಠಕ್ಕೆ ಹೋಗಿರುತ್ತವಲ್ಲ! ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದೂ ನಾನು ಮನೆಯಲ್ಲಿ ಒಂದು ಭಾಷಣ ಮಾಡಿದ್ದೆ.

ಅಂದು ಸಭೆ ಮುಗಿದ ಮೇಲೆ ಬೆಂಬಲಿಗರು ನನ್ನನ್ನು ಕಾರಿನಲ್ಲಿ ಹೇರಿಕೊಂಡು ಚಹಾ ಕುಡಿಸಲು ಹೋದರು. ದಾರಿಯಲ್ಲಿ ಅವಳು ಕಂಡಳು, ಒಬ್ಬಳೇ ನಡೆದುಹೋಗುತ್ತಿದ್ದಳು. ಕಾರಿನಲ್ಲಿ ಜಾಗವಿರಲಿಲ್ಲ. ನಾನು ಕಿಟಕಿಯಿಂದ ಕೈ ಬೀಸಿದೆ. ಬೆಂಬಲಿಗನೊಬ್ಬ “ಅತ್ತಿಗೆ ನಿಮ್ಮ ಸ್ಕೂಲಿಗೆ ಇನ್ನೂ ಸೇರಿಲ್ವಾ ಅಣ್ಣಾ?” ಎಂದ. ಮತ್ತೆ ನಗು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಫಲಿತಾಂಶ ಬಂತು. ಇಡೀ ವಾರ್ಡಿನಲ್ಲಿ ಸೋತದ್ದು ಇರಲಿ, ನಮ್ಮ ಬೀದಿಯವರು ವೋಟು ಹಾಕಿದ ಬೂತಿನಲ್ಲಿ ನನಗೆ ಬಿದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು. ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಗೇಟಿಗೆ ಯಾರೋ ತೂತಾದ ಪ್ಲಾಸ್ಟಿಕ್ ಬಕೆಟ್ಟೊಂದನ್ನು ನೇತುಹಾಕಿದ್ದರು. ಯಾರೆಂದು ನಾನು ಕೇಳುವುದಿಲ್ಲ. ಹಾಕಿದವರು ಈ ಸಭೆಯಲ್ಲಿದ್ದರೆ, ಅದರಲ್ಲಿ ನಮ್ಮ ತಾಯಿ ಗಿಡ ನೆಟ್ಟಿದ್ದಾರೆ, ಬಂದು ನೋಡಬಹುದು.

ಅಂದು ಊಟದ ಮೇಜಿನ ಮುಂದೆ ನಾನು ವಿಚಾರಣೆ ನಡೆಸಿದೆ. ಹೌದು, ವಿಚಾರಣೆಯೇ. ಮನೆಯಲ್ಲಿ ನಾವು ನಾಲ್ವರು: ನಾನು, ನನ್ನ ತಾಯಿ, ನನ್ನ ಸ್ಕೂಲಿನಲ್ಲೇ ಕಲಿಸುವ ತಮ್ಮ, ನನ್ನ ಹೆಂಡತಿ. ನಾಲ್ಕೂ ವೋಟು ನನಗೆ ಬಿದ್ದಿವೆಯೇ? ಈಗಲೇ ಗೊತ್ತಾಗಬೇಕು ಎಂದೆ.

ತಮ್ಮ ತಟ್ಟೆಯಿಂದ ತಲೆ ಎತ್ತಿದ. “ಅಣ್ಣಾ, ನಿನ್ನ ಸಂಬಳ ತಿನ್ನೋನು ನಾನು. ಬಕೆಟ್ ಬಿಟ್ಟು ಬೇರೆ ಕಡೆ ಬೆರಳು ಹೋಗುತ್ತಾ?”

ಅಮ್ಮ ಹೇಳಿದರು, “ನಿಂಗೇ ಹಾಕ್ದೆ ಕಣೋ. ನಾಲ್ಕು ಚೌಕ ಇತ್ತಲ್ಲ, ನಡುವೆ ಅಡ್ಡಗೆರೆ ಇತ್ತಲ್ಲ, ಅದನ್ನೇ ಒತ್ತಿದ್ದು.”

“ಅಮ್ಮಾ, ಅದು ಕಿಟಕಿ!”

“ಹೌದಾ? ಬಕೆಟ್ ಅಂದ್ರೆ ದುಂಡಗಿರುತ್ತೆ ಅಂತ ನಂಗೂ ಅನುಮಾನ ಬಂತು. ಆದ್ರೆ ಸರ್ಕಾರದೋರು ಬರೆದಿದ್ದಲ್ವಾ, ಹೆಂಗಾದ್ರೂ ಬರೆದಿರ್ತಾರೆ ಅಂದ್ಕೊಂಡೆ.”

ತಮ್ಮ ನಕ್ಕ. ಅಮ್ಮನೂ ನಕ್ಕರು. ನನಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ನೀರಿನ ಲೋಟ ಕೆಳಗಿಟ್ಟು ಹೇಳಿದಳು, “ನಾನೂ ಕಿಟಕಿಗೇ ಹಾಕಿದ್ದು. ತಪ್ಪಿ ಅಲ್ಲ.”

ತಮ್ಮ ಎದ್ದು ಕೈತೊಳೆಯಲು ಹೋದವನು ಹಿಂದಿರುಗಲಿಲ್ಲ. ನಾನು ಏನೇನೋ ಹೇಳಿದೆ. ಮನೆಯ ಮರ್ಯಾದೆ ಎಂದೆ. ಬೆನ್ನಿಗೆ ಚೂರಿ ಎಂದೆ. ಊರಿಗೆ ಗೊತ್ತಾದರೆ ತಲೆಯೆತ್ತಿ ತಿರುಗುವುದು ಹೇಗೆ ಎಂದೆ. ಅವಳು ಎಲ್ಲ ಕೇಳಿದಳು. ಫೋನಿನಲ್ಲಿ ಕೂಗಾಡುವವರನ್ನು ಕೇಳುತ್ತಾಳಲ್ಲ, ಹಾಗೆ, ಅವರ ಉಸಿರು ಮುಗಿಯುವವರೆಗೆ. ಆಮೇಲೆ ಕೇಳಿದಳು,

“ಊರಲ್ಲಿ ಎಷ್ಟು ಬಾಗಿಲು ತಟ್ಟಿದ್ರಿ?”

“ಎಲ್ಲಾ ಬಾಗಿಲೂ.”

“ನಿಮ್ಮನ್ನ ಕಂಡ್ರೆ ಆಗದೋರ ಮನೇಗೂ ಹೋದ್ರಿ. ಅವರ ನಾಯೀನೂ ಮಾತಾಡಿಸಿ ಬಂದ್ರಿ. ನನ್ನ ಹತ್ರ ಬಂದು, ನಿಂಗೇನನ್ಸುತ್ತೆ, ಈ ರಸ್ತೆ ಹೀಗಾದ್ರೆ ನಿಂಗೆ ಆಗುತ್ತಾ ಅಂತ ಒಂದ್ಮಾತು ಆಡಿದ್ರಾ?”

ಉತ್ತರವಿಲ್ಲದಾಗ ತಮಾಷೆ ಮಾಡುವುದು ನನ್ನ ಅಭ್ಯಾಸ. ಅಂದು ತಮಾಷೆಯೂ ಹೊಳೆಯಲಿಲ್ಲ. ಹೀಗಾಗಿ ಮಾತು ಬಿಟ್ಟೆ. ನಾನು ಮಾತು ಬಿಟ್ಟೆ ಎಂದರೆ ನೀವು ನಂಬಲಾರಿರಿ, ಆದರೆ ಬಿಟ್ಟೆ. ಊಟವನ್ನು ಸ್ಕೂಲಿಗೇ ತರಿಸಿಕೊಂಡೆ. ತಂದುಕೊಡುತ್ತಿದ್ದವನು ತಮ್ಮ, ಮಾಡಿ ಕಟ್ಟಿಕೊಡುತ್ತಿದ್ದವಳು ಅವಳೇ. ಅಷ್ಟು ಕೋಪದಲ್ಲೂ ಡಬ್ಬಿ ಮಾತ್ರ ಖಾಲಿಯಾಗಿಯೇ ವಾಪಸು ಹೋಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರಿಗೆ ಪಾಠವಿತ್ತು. ಹಿಂದಕ್ಕೆ ಓಡಿಸುವುದನ್ನು ಕಲಿಸಲು ಹಳೆಯ ಗೋದಾಮಿನ ಹಿಂದಿನ ಬಯಲಿಗೆ ಕರೆದೊಯ್ದೆ. ಅಲ್ಲಿ ಆಗಲೇ ಒಂದು ಹಳದಿ ವ್ಯಾನಿತ್ತು. ಎರಡು ಕಲ್ಲುಗಳ ನಡುವೆ ಹಿಂದಕ್ಕೆ ಬರುತ್ತಿತ್ತು. ನಿಧಾನವಾಗಿ, ನೇರವಾಗಿ, ನೂಲು ಹಿಡಿದ ಹಾಗೆ. ಯಾರಪ್ಪಾ ಇದು, ಇಷ್ಟು ಚೆನ್ನಾಗಿ ಕಲಿತವರು ಎಂದು ನೋಡಿದೆ. ಸ್ಟೀರಿಂಗಿನ ಮುಂದೆ ನನ್ನ ಹೆಂಡತಿ. ಪಕ್ಕದಲ್ಲಿ ವ್ಯಾನಕ್ಕ.

ವ್ಯಾನಕ್ಕ ಏನನ್ನೂ ಹೇಳುತ್ತಿರಲಿಲ್ಲ. ಸುಮ್ಮನೆ ಕೂತಿದ್ದರು, ಮಡಿಲಲ್ಲಿ ಕೈ ಇಟ್ಟುಕೊಂಡು. ಕೊನೆಗೆ ವ್ಯಾನು ಒಮ್ಮೆ ಜಗ್ಗಿ ಎಂಜಿನ್ ನಿಂತುಹೋಯಿತು. ನನ್ನ ಕಾರಿನಲ್ಲಾಗಿದ್ದರೆ ಆ ಕ್ಷಣಕ್ಕೆ ನಾನು ಒಂದು ಭಾಷಣ ಮಾಡುತ್ತಿದ್ದೆ. ಅಲ್ಲಿ ಇಬ್ಬರೂ ನಕ್ಕರು. ನನ್ನ ಹೆಂಡತಿ ತಲೆಯನ್ನು ಸೀಟಿಗೆ ಒರಗಿಸಿ ನಗುತ್ತಿದ್ದಳು. ಅವಳು ಹಾಗೆ ನಗುತ್ತಾಳೆಂದು ನನಗೆ ಗೊತ್ತಿತ್ತು, ಮದುವೆಯಾದ ಹೊಸತರಲ್ಲಿ ಗೊತ್ತಿತ್ತು. ಯಾವಾಗ ಮರೆತೆನೋ ತಿಳಿಯದು.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು, “ಮೇಷ್ಟ್ರೇ, ಅಲ್ಲಿರೋದು ನಿಮ್ಮನೆಯವರಲ್ವಾ?” ಎಂದರು.

ನಾನು “ಅಲ್ಲ” ಎಂದೆ.

“ಅವರ ಥರಾನೇ ಇದಾರಲ್ಲಾ.”

“ಅಲ್ಲ ಡಾಕ್ಟ್ರೇ. ಯಾರೋ ಬೇರೆ. ನೀವು ಗೇರು ಹಾಕಿ.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ನೋವಿಲ್ಲ ಎಂದು ಸುಳ್ಳು ಹೇಳುವ ರೋಗಿಗಳನ್ನು ಜೀವನವಿಡೀ ಕಂಡವರು. ಗೇರು ಹಾಕಿದರು. ಬಯಲು ದಾಟುವಾಗ ನಾನು ಮುಖವನ್ನು ಇನ್ನೊಂದು ಬದಿಗೆ ತಿರುಗಿಸಿಕೊಂಡೆ.

ಸಭಿಕರೇ, ಚುನಾವಣೆಯಲ್ಲಿ ಸೋತದ್ದಕ್ಕೆ ನಾಚಿಕೆಯಾಯಿತೇ ಎಂದು ಎಷ್ಟೋ ಜನ ಕೇಳಿದ್ದೀರಿ. ಆಗ ಆಗಿರಲಿಲ್ಲ, ಕೋಪವಾಗಿತ್ತು ಅಷ್ಟೇ. ಗೇಟಿನ ಬಕೆಟ್ಟು ನೋಡಿದಾಗಲೂ ಕೋಪವೇ. ನಾಚಿಕೆ ಬಂದದ್ದು ಆ ಬಯಲಿನಲ್ಲಿ. ಅದೂ ಅವಳನ್ನು ಕಂಡಾಗ ಅಲ್ಲ, ನನ್ನ ಬಾಯಿಂದ ಆ ‘ಅಲ್ಲ’ ಹೊರಬಿದ್ದ ಮೇಲೆ. ವೇದಿಕೆ ಏರಿ ಜನರೇ ನನ್ನ ಕುಟುಂಬ ಎಂದು ಕೂಗಿದವನು, ಒಬ್ಬ ಹಲ್ಲಿನ ಡಾಕ್ಟರ ಎದುರು ನನ್ನ ಹೆಂಡತಿಯನ್ನು ನನ್ನವಳಲ್ಲ ಎಂದುಬಿಟ್ಟೆ.

ಅಂದು ಸಂಜೆ ಮನೆಗೆ ಹೋಗಿ, ಅಷ್ಟು ದಿನದ ಮೇಲೆ ಮೊದಲ ಮಾತು ಆಡಿದೆ. ಒಳ್ಳೆಯ ಮಾತು ಆಡಿದೆನೇ? ಇಲ್ಲ. “ಕಲೀಬೇಕು ಅಂದ್ರೆ ನನ್ನ ಕೇಳ್ಬಾರ್ದಿತ್ತಾ? ಊರಿಗೆಲ್ಲ ಕಲಿಸೋನು ಮನೇಲೇ ಇದೀನಿ” ಎಂದೆ.

ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. “ಕೇಳಿದ್ದೆ. ನೀವು ಕಲಿಸೋಕೂ ಬಂದಿದ್ರಿ. ಒಂದೇ ಒಂದು ದಿನ. ನೆನಪಿದೆಯಾ?”

ನೆನಪಿಲ್ಲದೆ ಏನು? ಅದನ್ನು ನಾನು ನನ್ನ ಪ್ರತಿಯೊಬ್ಬ ವಿದ್ಯಾರ್ಥಿಗೂ ಮೊದಲ ದಿನವೇ ಹೇಳುತ್ತೇನಲ್ಲ! ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ. ಹೊಸಬರ ಹೆದರಿಕೆ ಬಿಡಿಸಲು ಅದೇ ನನ್ನ ಔಷಧಿ. “ಹೆದರಬೇಡಿ, ನನ್ನ ಹೆಂಡತಿಗಿಂತ ಕೆಟ್ಟದಾಗಿ ಓಡಿಸಲು ನಿಮ್ಮಿಂದ ಆಗುವುದಿಲ್ಲ. ನಿಂತ ಕಾರನ್ನು ನಿಂತ ಗೋಡೆಗೆ ಗುದ್ದಿದವಳು ಅವಳು.” ಎಲ್ಲರೂ ನಗುತ್ತಾರೆ, ಹೆಗಲು ಸಡಿಲವಾಗುತ್ತದೆ, ಪಾಠ ಶುರುವಾಗುತ್ತದೆ.

ಅವಳೆಂದಳು, “ನಾನು ಗೋಡೆಗೆ ಗುದ್ದಿಲ್ಲ. ನೀವು ಕೂಗಿದ್ರಿ, ನಾನು ಹೆದರಿ ಕಾಲು ತೆಗೆದೆ. ಬ್ರೇಕು ನಿಮ್ಮ ಕಾಲ ಹತ್ರಾನೂ ಇತ್ತು. ನೀವು ಕೂಗೋದ್ರಲ್ಲಿ ಒತ್ತೋದು ಮರೆತ್ರಿ.”

ನನ್ನ ಹೆಸರೇ ಬ್ರೇಕ್ ಮೇಷ್ಟ್ರು. ಯಾರಿಗೆ ಹೇಳೋಣ?

“ಆ ಕಥೆ ನಂಗೆ ಯಾರು ಯಾರು ಹೇಳಿಲ್ಲ? ಆಸ್ಪತ್ರೆ ಲಿಫ್ಟಿನೋನು ಹೇಳ್ದ. ಫೋನಲ್ಲಿ ಒಬ್ರು, ಓ, ಗೋಡೆಗೆ ಗುದ್ದಿದ ಮೇಡಮ್ಮಾ ಅಂದ್ರು. ವ್ಯಾನಕ್ಕಂಗೂ ಮೊದಲ ದಿನಾನೇ ಹೇಳಿದ್ರಂತೆ ನೀವು. ಅವಳು ನಗಲಿಲ್ಲವಂತೆ. ಮಾರನೇ ದಿನ ಆಸ್ಪತ್ರೆ ಬಾಗಿಲಲ್ಲಿ ಕಾದು ನಿಂತು, ಅಕ್ಕಾ, ನಾನು ಕಲಿತ ಮೇಲೆ ನಿಮಗೆ ನಾನು ಕಲಿಸ್ತೀನಿ ಅಂದ್ಲು. ನಾನೇ ಇಷ್ಟು ವರ್ಷ ಮನಸ್ಸು ಮಾಡಿರಲಿಲ್ಲ. ನಡೆಯೋರು ಕಾರು ಕಲೀಲಿ ಅಂದ್ರಲ್ಲ, ಆ ಸಭೆ ಆದ ಮಾರನೇ ದಿನ ಹೋದೆ.”

ಮಡಿಸಿದ ಬಟ್ಟೆಗಳಲ್ಲಿ ನನ್ನ ಅಂಗಿಗಳೇ ಹೆಚ್ಚಿದ್ದವು. ನಾನು ನಿಂತೇ ಇದ್ದೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಮಾತ್ರ, “ಪರೀಕ್ಷೆ ಯಾವತ್ತು?”

“ನಿಮಗ್ಯಾಕೆ?” ಎಂದಳು.

ಪರೀಕ್ಷೆಯ ದಿನವನ್ನು ನನಗೆ ಯಾರೂ ಹೇಳಲಿಲ್ಲ. ಆದರೆ ಆ ದಿನ ನನ್ನ ವಿದ್ಯಾರ್ಥಿಗಳದ್ದೂ ಇತ್ತು, ಡಾಕ್ಟರದ್ದೂ ಇತ್ತು. ಸಾರಿಗೆ ಕಚೇರಿಯ ಹಿಂದಿನ ಅಂಗಳದಲ್ಲಿ ನಾನು ನನ್ನ ಶಿಷ್ಯರ ನಡುವೆ ಎಂದಿನಂತೆ ರಾಜಕೀಯ ಮಾತಾಡುತ್ತ ನಿಂತಿದ್ದೆ. ಸೋತವನಿಗೆ ವ್ಯವಸ್ಥೆಯ ಮೇಲೆ ಮಾತಾಡಲು ಬೇಕಾದಷ್ಟಿರುತ್ತದೆ. ಗೇಟಿನಿಂದ ಹಳದಿ ವ್ಯಾನು ಒಳಗೆ ಬಂತು. ನನ್ನ ಮಾತು ಅರ್ಧಕ್ಕೇ ನಿಂತಿತು.

ಇನ್‌ಸ್ಪೆಕ್ಟರು ನನಗೆ ಹಳೆಯ ಪರಿಚಯ. ನನ್ನ ಹೆಂಡತಿಯನ್ನೂ ಬಲ್ಲರು. ಕಾಗದ ನೋಡಿ, ಹುಬ್ಬೇರಿಸಿ, ನನ್ನತ್ತ ಒಮ್ಮೆ ನೋಡಿ, ಬೇಕೆಂದೇ ಜೋರಾಗಿ ಕೇಳಿದರು, “ಯಾವ ಸ್ಕೂಲಮ್ಮಾ?”

“ಸ್ಕೂಲಿಲ್ಲ ಸಾರ್. ಗೆಳತಿ ಕಲಿಸಿದ್ದು.”

ಅಂಗಳದಲ್ಲಿ ನಿಂತವರೆಲ್ಲ ಬೇರೆ ಬೇರೆ ಸ್ಕೂಲಿನ ಮೇಷ್ಟರುಗಳು, ನನ್ನ ಪ್ರತಿಸ್ಪರ್ಧಿಗಳು. ಅವರ ಮುಖದ ಮೇಲೆ ಹರಡಿದ ಸಂತೋಷವನ್ನು ವರ್ಣಿಸಲು ನನ್ನ ಈ ದೊಡ್ಡ ಬಾಯಿಗೂ ಆಗದು. ಓಡಿಹೋಗೋಣ ಎನ್ನಿಸಿತು. ಡಾಕ್ಟರು ನನ್ನ ತೋಳು ಹಿಡಿದುಕೊಂಡಿದ್ದರು. “ನಿಂತ್ಕೊಳ್ರೀ. ಇವತ್ತಾದ್ರೂ ಯಾರು ಅಂತ ಗುರುತು ಹಿಡೀರಿ” ಎಂದರು, ನನಗೆ ಮಾತ್ರ ಕೇಳುವ ಹಾಗೆ.

ಅವಳು ಓಡಿಸಿದಳು. ಏರಿನಲ್ಲಿ ನಿಲ್ಲಿಸಿ ಹೊರಟಳು, ವ್ಯಾನು ಒಂದು ಗೇಣೂ ಹಿಂದೆ ಸರಿಯಲಿಲ್ಲ. ಕಂಬಗಳ ನಡುವೆ ಹಿಂದಕ್ಕೆ ಬರುವಾಗ ಒಂದು ಗಳಿಗೆ ನಿಲ್ಲಿಸಿದಳು. ಆಗ ನಾನಿರುವ ದಿಕ್ಕಿಗೆ ಕನ್ನಡಿ ಇತ್ತು. ಅವಳಿಗೆ ನಾನು ಕಂಡೆನೋ ಇಲ್ಲವೋ ಗೊತ್ತಿಲ್ಲ. ಮತ್ತೆ ಹೊರಟು ಸರಿಯಾಗಿ ನಡುವೆ ತಂದು ನಿಲ್ಲಿಸಿದಳು. ಪಾಸಾದಳು. ಡಾಕ್ಟರು ಫೇಲಾದರು, ಇಷ್ಟು ವರ್ಷದ ಅನುಭವವಿರುವ ನನ್ನ ಕೈಯಲ್ಲಿ ಕಲಿತವರು.

ಎಲ್ಲರೂ ಅವಳ ಕೈ ಕುಲುಕಿದರು. ನಾನೂ ಸಾಲಿನಲ್ಲಿ ಹೋಗಿ ನಿಂತೆ, ಅಪರಿಚಿತನ ಹಾಗೆ. ನನ್ನ ಸರದಿ ಬಂದಾಗ, “ಅಂದು ಬಯಲಿನಲ್ಲಿ ಡಾಕ್ಟ್ರು ಕೇಳಿದಾಗ, ಅದು ನನ್ನ ಹೆಂಡತಿ ಅಲ್ಲ ಅಂದೆ” ಎಂದು ಹೇಳಿದೆ. ಏಕೆ ಅದನ್ನೇ ಹೇಳಿದೆನೋ! ಶಹಬ್ಬಾಸ್ ಎನ್ನಲು ಹೋದವನು.

“ಗೊತ್ತು” ಎಂದಳು. “ನೀವು ಮುಖ ತಿರುಗಿಸಿಕೊಂಡಿದ್ದು ಕನ್ನಡಿಯಲ್ಲಿ ಕಾಣಿಸ್ತು.”

ಅಷ್ಟೇ ಆದದ್ದು. ಕಥೆಯಲ್ಲಿ ಹೇಳುವಂತೆ ಅವಳು ಕ್ಷಮಿಸಲಿಲ್ಲ, ನಾನು ಅಳಲಿಲ್ಲ. ಈಗ ಮಾತಾಡುತ್ತೇವೆ. ಅಮ್ಮನ ಔಷಧಿ, ಬೀಗದ ಕೈ, ಹಾಲು. ತಮ್ಮ ಸಂಜೆ ಹೊತ್ತು ಒಂದು ಕಾರು ಮನೆಗೆ ತರುತ್ತಾನೆ, ಅವಳು ಅಮ್ಮನನ್ನು ಕೂರಿಸಿಕೊಂಡು ಹೋಗುತ್ತಾಳೆ. ನಾನು ಪಕ್ಕದ ಸೀಟಿನಲ್ಲಿ ಇನ್ನೂ ಕೂತಿಲ್ಲ. ಕೂರಿ ಎಂದು ಅವಳು ಅಂದಿಲ್ಲ, ಕೂರಲೇ ಎನ್ನಲು ನನಗೆ ಬಾಯಿ ಬಂದಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಗೋಡೆಯ ಕಥೆ ಹೇಳುವುದನ್ನು ಬಿಟ್ಟಿದ್ದೇನೆ. ಅದರ ಬದಲು ಏನು ಹೇಳಬೇಕೆಂದು ತಿಳಿಯದೆ ಮೊದಲ ದಿನವೆಲ್ಲ ಸುಮ್ಮನೆ ಕೂತಿರುತ್ತೇನೆ. ಮೇಷ್ಟರಿಗೆ ಮೈಗೆ ಹುಷಾರಿಲ್ಲ ಎಂದು ಸುದ್ದಿಯಾಗಿದೆಯಂತೆ.

ಇನ್ನು ಸಂಘಟಕರು ನನಗೆ ಒಪ್ಪಿಸಿದ ವಿಷಯ, ಫುಟ್‌ಪಾತು. ಸದಸ್ಯೆಯವರೇ, ಮುಂದಿನ ವಾರ ಫುಟ್‌ಪಾತಿನ ಪ್ರಸ್ತಾಪ ನಗರಸಭೆಯ ಮುಂದೆ ಬರುತ್ತದೆ. ಅಂಗಡಿಯವರು ಕೆಲವರು ನನ್ನ ಹಳೆಯ ಭೂಪಟವನ್ನೇ ಎತ್ತಿಕೊಂಡು ನಿಮ್ಮನ್ನು ವಿರೋಧಿಸಲಿದ್ದಾರೆ. ನನ್ನ ಮಾತುಗಳನ್ನೇ ಆಡಲಿದ್ದಾರೆ. ಆ ಮಾತುಗಳಿಗೆ ಉತ್ತರ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಯೋಜನೆ ತಪ್ಪಾಗಿತ್ತು. ನಡೆಯುವವರನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, ನನ್ನ ಮನೆಯವರನ್ನೂ ಸೇರಿಸಿ. ಕರೆದರೆ ಬಂದು ಇದನ್ನೇ ಅಲ್ಲಿಯೂ ಹೇಳುತ್ತೇನೆ. ಬೇಡ, ಸುಮ್ಮನಿರಿ ಎಂದರೆ ಸುಮ್ಮನಿರುತ್ತೇನೆ. ಯಾವುದು ಉಪಯೋಗವೋ ಅದು.

ನನಗಿಂತ ಒಳ್ಳೆಯ ತೀರ್ಮಾನ ಮಾಡಿದ ಆ ಮತದಾರಳ ಬಗ್ಗೆ ಈ ಊರು ಹೆಮ್ಮೆಪಡಬೇಕು ಎಂದು ನಾನು...

ಧನ್ಯವಾದ. ಚಪ್ಪಾಳೆಗೆ ಧನ್ಯವಾದ. ಆದರೆ ಸಾಕು.

ದಯವಿಟ್ಟು ಸಾಕು. ಎಲ್ಲರೂ ಹಾಗೆ ತಿರುಗಿ ನೋಡಬೇಡಿ. ಕಿಟಕಿಯ ಬಳಿ, ಅಮ್ಮನ ಪಕ್ಕದಲ್ಲಿ ಕೂತಿದ್ದಾಳೆ. ನನಗೆ ಆಗಲೇ ಕಂಡಿತ್ತು. ಈಗ ತಲೆ ಬಗ್ಗಿಸಿದ್ದಾಳೆ.

ಮುಖ್ಯೋಪಾಧ್ಯಾಯಿನಿಯವರೇ, ಒಂದು ನಿಮಿಷ. ನನಗೆ ಇದು ಈಗಷ್ಟೇ ಹೊಳೆಯುತ್ತಿದೆ. ಬೆಳಿಗ್ಗೆ ಮನೆಯಲ್ಲಿ ಅವಳಿಗೆ ಹೇಳಬೇಕಾದ ಮಾತನ್ನು ನಾನು ಇಲ್ಲಿ, ಮೈಕಿನಲ್ಲಿ, ನಿಮಗೆ ಹೇಳಿದೆ. ಅವಳು ಯಾರಿಗೆ ವೋಟು ಹಾಕಿದಳು ಎಂಬುದು ಗುಟ್ಟಾಗಿರಬೇಕಾದದ್ದು. ಸರ್ಕಾರವೇ ಪರದೆ ಕಟ್ಟಿ ಕಾಯುವ ಗುಟ್ಟು. ಅದನ್ನೂ ಹೇಳಿಬಿಟ್ಟೆ. ಬಯಲು, ಬಟ್ಟೆ ಮಡಿಸಿದ್ದು, ಎಲ್ಲವೂ ಅವಳದ್ದಾಗಿತ್ತು. ನೀವು ನಕ್ಕಲ್ಲೆಲ್ಲ ನಾನು ದನಿ ಏರಿಸಿದೆ, ನೀವು ಮೌನವಾದಲ್ಲೆಲ್ಲ ಮೌನವನ್ನು ಸವಿದೆ. ಭಾಷಣ ಚೆನ್ನಾಗಿ ಹೋಗುತ್ತಿದೆ ಎಂದು ನನ್ನೊಳಗೆ ಒಬ್ಬ ಖುಷಿಪಡುತ್ತಲೇ ಇದ್ದ. ಅವನನ್ನು ಏನು ಮಾಡಲಿ?

ಅವಳು ಎದ್ದಳು.

ಅಮ್ಮನನ್ನೂ ಎಬ್ಬಿಸುತ್ತಿದ್ದಾಳೆ. ಕೋಪವೋ, ಔಷಧಿಯ ಹೊತ್ತಾಯಿತೋ, ಇಲ್ಲಿಂದ ನನಗೆ ತಿಳಿಯುತ್ತಿಲ್ಲ. ಆ ಸಾಲಿನವರು ದಯವಿಟ್ಟು ಕಾಲು ಸರಿಸಿ, ಅಮ್ಮನಿಗೆ ಎಡಗಡೆ ಕಾಣಿಸುವುದಿಲ್ಲ. ಬಾಗಿಲಲ್ಲಿ ನಿಂತವರು ಅವರನ್ನು ಮಾತಾಡಿಸಬೇಡಿ, ಸುಮ್ಮನೆ ಹೋಗಲು ಬಿಡಿ.

ಸಂಘಟಕರಿಗೆ, ಸದಸ್ಯೆಯವರಿಗೆ, ತಾಳ್ಮೆಯಿಂದ ಕೇಳಿದ ತಮಗೆಲ್ಲರಿಗೂ ವಂದನೆಗಳು. ನನ್ನ ಮಾತು ಮುಗಿಯಿತು. ಮುಗಿಯಬೇಕಾದದ್ದಕ್ಕಿಂತ ತಡವಾಗಿ ಮುಗಿಯಿತು.

ನಮಸ್ಕಾರ.